ಅಮ್ಮನ ಕ್ಯಾಮೆರಾದ ಹಳದಿ ಚೌಕ

ಮಾರ್ಚ್ 14, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಮೂರು ಪತ್ರಗಳೂ ಬಂದಿವೆ. ಮೂರನ್ನೂ ಓದಿದ್ದೇನೆ, ಮೂರನೆಯದನ್ನು ನಾಲ್ಕು ಸಲ. ತಡವಾದದ್ದಕ್ಕೆ ಕೈನೋವು ಕಣ್ಣುನೋವು ಅಂತ ನೆಪ ಹೇಳುವುದಿಲ್ಲ, ಎರಡೂ ನೆಟ್ಟಗಿವೆ. ಬರೆಯಲು ಕೂತಾಗಲೆಲ್ಲ ಎದ್ದು ಹೋಗುತ್ತಿದ್ದೆ, ಅಷ್ಟೆ. ಬೈದುಕೋ. ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ತಾನೇ? ಮಗಳ ಹಲ್ಲಿಗೆ ತಂತಿ ಹಾಕಿಸಿದೆ ಅಂತ ಬರೆದಿದ್ದೆಯಲ್ಲ, ಈಗಲಾದರೂ ಸರಿಯಾಗಿ ಊಟ ಮಾಡುತ್ತಾಳಾ?

ನಿನ್ನ ಮೂರನೆಯ ಪತ್ರದ ಕೊನೆಯ ಸಾಲುಗಳು ನನಗೀಗ ಬಾಯಿಪಾಠ ಆಗಿವೆ. "ಅಮ್ಮನ ಕ್ಯಾಮೆರಾ ಕೊಡ್ತೀಯೋ ಇಲ್ವೋ ಹೇಳ್ಬಿಡು. ಅಮ್ಮ ಹೋಗಿ ವರ್ಷ ಆಯ್ತು, ಕೊನೇ ದಿನಗಳಲ್ಲಿ ಹೇಗಿದ್ಲು ಅಂತ ಕೇಳಿದಾಗೆಲ್ಲ ಮಾತು ತಿರುಗಿಸ್ತೀಯ. ಈ ಸಲಾನೂ ಹಾರಿಸಿದ್ರೆ ನಾನಿನ್ನು ಆ ಮನೆ ಮೆಟ್ಟಿಲು ಹತ್ತಲ್ಲ ಅಕ್ಕ." ನೀನು ಅಂದದ್ದನ್ನು ಮಾಡುವವಳು, ಅಮ್ಮನ ಹಟವೆಲ್ಲ ನಿನಗೇ ಬಂದಿದೆ. ನನಗೆ ಉಳಿದಿರುವ ರಕ್ತಸಂಬಂಧ ಅಂದರೆ ನೀನೊಬ್ಬಳೇ. ನೀನೂ ಬರುವುದು ಬಿಟ್ಟರೆ ನಾನು ಇಲ್ಲಿ ಯಾರ ಜೊತೆ ಜಗಳ ಆಡಲಿ? ಅದಕ್ಕೇ ಇವತ್ತು ಎದ್ದೇಳಬಾರದು ಅಂತ ಬಾಗಿಲ ಚಿಲಕ ಹಾಕಿಕೊಂಡು ಕೂತಿದ್ದೇನೆ.

ಮೊದಲು ಕ್ಯಾಮೆರಾದ ವಿಷಯ. "ರಿಪೇರಿಯಲ್ಲಿದೆ" ಅಂತ ಆರು ತಿಂಗಳಿಂದ ಹೇಳುತ್ತಾ ಬಂದೆನಲ್ಲ, ಅದು ಅಪ್ಪಟ ಸುಳ್ಳು. ಅಮ್ಮ ಹೋದ ಮರುತಿಂಗಳೇ ಅದನ್ನು ಮಾರಿಬಿಟ್ಟಿದ್ದೆ. ಪುಸ್ತಕ ಇಲ್ಲೇ ಎಸೆದು ಎದ್ದು ಹೋಗಬೇಡ, ಪೂರ್ತಿ ಓದು. ನನ್ನ ಹುಚ್ಚು ನಿನಗೆ ಗೊತ್ತೇ ಇದೆ. ಇಪ್ಪತ್ತೇಳು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿದವಳು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವುದು ಹೇಗೆ? ಸತ್ತುಹೋದ ಹಳೇ ಕ್ಯಾಮೆರಾಗಳನ್ನು ಕೊಳ್ಳುವುದು, ಬಿಚ್ಚುವುದು, ಜೀವ ಬರಿಸುವುದು, ಬೇಕು ಅಂದವರಿಗೆ ಮಾರುವುದು. ಊಟದ ಮೇಜಿನ ಮೇಲೆ ಸ್ಕ್ರೂಗಳನ್ನು ಕಂಡಾಗಲೆಲ್ಲ ನೀನು "ಹೊಟ್ಟೆಗೆ ಇದನ್ನೇ ಬಡಿಸ್ತೀಯಾ?" ಅನ್ನುತ್ತಿದ್ದೆ. ಅಮ್ಮನ ಕ್ಯಾಮೆರಾವನ್ನೂ ಹತ್ತರ ಜೊತೆ ಹನ್ನೊಂದು ಅಂತ ಕಪಾಟಿನಲ್ಲಿಟ್ಟಿದ್ದೆ. ಆದರೆ ಕಪಾಟು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ನೋಡಲು ಆಗಲಿಲ್ಲ. ಕೇಳಿದ ಮೊದಲ ಗಿರಾಕಿಗೇ ಕೊಟ್ಟು ಕೈ ತೊಳೆದುಕೊಂಡೆ.

ನೀನು ಕೇಳಿದ ಮೇಲೆ ಹುಡುಕಲು ಶುರುಮಾಡಿದೆ. ಕೊಂಡವನು ಬ್ಯಾಂಕಿನ ಗುಮಾಸ್ತ. ಅವನು ಅದನ್ನು ಭಾವಮೈದುನನಿಗೆ ಕೊಟ್ಟಿದ್ದ, ಆ ಭಾವಮೈದುನ ಒಬ್ಬ ಮದುವೆ ಫೋಟೋದವನಿಗೆ, ಫೋಟೋದವನು ಇನ್ಯಾರಿಗೋ. ಎಲ್ಲರ ಮನೆ ಬಾಗಿಲಿಗೂ ಹೋಗಿ ಹಲ್ಲು ಕಿರಿದೆ. ಕೊನೆಗೆ ಈ ತಿಂಗಳ ಮೊದಲ ವಾರ ಹಳೇ ಸಾಮಾನಿನ ಸಂತೆಯಲ್ಲಿ, ಕೆಟ್ಟ ರೇಡಿಯೋಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಅಮ್ಮನದೇ ಅಂತ ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಶಾಲೆ ಶಾಲೆ ತಿರುಗಿ ತರಗತಿಯ ಗುಂಪು ಫೋಟೋ ತೆಗೆಯುತ್ತಿದ್ದವಳು ಲೆನ್ಸಿನ ಮೇಲಿನ ದೂರದ ಅಂಕೆಗಳ ಪಕ್ಕ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡಿದ್ದಳಲ್ಲ, ಅದು ಹಾಗೇ ಇತ್ತು. ಅಂಗಡಿಯವನು ನನ್ನ ಮುಖ ನೋಡಿಯೇ ಬೆಲೆ ಏರಿಸಿದ. ಚೌಕಾಸಿ ಮಾಡದೆ ತಂದ ಮೊದಲ ಕ್ಯಾಮೆರಾ ಇದು.

ಇದರ ಒಳಗುಟ್ಟು ನಿನಗೆ ಸ್ವಲ್ಪ ಹೇಳಬೇಕು. ಅಮ್ಮ ಹೇಳಿಕೊಡಲು ಕರೆದಾಗಲೆಲ್ಲ ನೀನು ಓಟ ಕೀಳುತ್ತಿದ್ದೆ. ಇಂಥ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಮುಂದೆ ಎರಡು ಕಿಟಕಿ. ಒಂದರಿಂದ ಇಡೀ ನೋಟ ಕಾಣುತ್ತದೆ. ಇನ್ನೊಂದರಿಂದ ಬಂದದ್ದು ಆ ನೋಟದ ನಡುವೆ ಒಂದು ಪುಟ್ಟ ಹಳದಿ ಚೌಕದಲ್ಲಿ ಕೂರುತ್ತದೆ. ಆದ್ದರಿಂದ ಚೌಕದೊಳಗೆ ಎಲ್ಲವೂ ಎರಡೆರಡು. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡು ಬಿಂಬ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತಾಗ ಬಳೆಯ ಮೇಲಿನ ಅಂಕೆ ನೋಡಿದರೆ ಆ ವಸ್ತು ನಿನ್ನಿಂದ ಎಷ್ಟು ಮೀಟರ್ ದೂರ ಅಂತ ತಿಳಿಯುತ್ತದೆ. ಇಷ್ಟೇ. ದೂರ ಅಳೆಯುವ ಯಂತ್ರ ಅಂದುಕೋ.

ತಂದ ದಿನ ಮಧ್ಯಾಹ್ನ ಮುಂದಿನ ಕಿಟಕಿಯ ಹತ್ತಿರ ನಿಂತು ಬೀದಿಯ ಕಡೆಗೆ ಹಿಡಿದೆ. ಬೀದಿ ಖಾಲಿ. ಹಳದಿ ಚೌಕವನ್ನು ತುದಿಯ ದೀಪದ ಕಂಬಕ್ಕೆ ತಂದಾಗ ಕಂಬದ ಪಕ್ಕ ಯಾರೋ ನಿಂತಿದ್ದರು. ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದೆ. ಕಂಬ ಇತ್ತು, ಯಾರೂ ಇರಲಿಲ್ಲ. ಮತ್ತೆ ಎತ್ತಿ ಹಿಡಿದೆ, ಇದ್ದರು. ಉಳಿದದ್ದೆಲ್ಲ ಎರಡೆರಡು ಕಾಣುವಾಗ ಆ ಆಕೃತಿ ಮಾತ್ರ ಒಂದೇ, ಆ ಎರಡನೇ ಕಿಟಕಿಯಿಂದ ಬಂದದ್ದು ಮಾತ್ರ. ಬೂದು ಬಣ್ಣದ ಉಡುಪು. ಮುಖ ಕಾಣುವಷ್ಟು ಹತ್ತಿರ ಇರಲಿಲ್ಲ.

ನನಗೆ ಹೆದರಿಕೆ ಆಗಲಿಲ್ಲ ಕಣೇ, ನಗು ಬಂತು. ಒಳಗೆ ಫಿಲ್ಮಿನ ಚೂರು ಸಿಕ್ಕಿಕೊಂಡಿದೆ, ಇಲ್ಲ ಗಾಜಿಗೆ ಬೂಸ್ಟು ಹತ್ತಿದೆ ಅಂದುಕೊಂಡೆ. ಮೇಲಿನ ಮುಚ್ಚಳ ಬಿಚ್ಚಿದೆ. ಚೂರೂ ಇಲ್ಲ, ಬೂಸ್ಟೂ ಇಲ್ಲ, ಸಾಮಾನ್ಯ ಧೂಳು. ಊದಿ ಮುಚ್ಚಿದೆ. ಪಕ್ಕದಲ್ಲೇ ಇದೇ ಮಾಡಲಿನ ಇನ್ನೊಂದು ಕ್ಯಾಮೆರಾ ಇಟ್ಟು ಅದೇ ಕಂಬ ನೋಡಿದೆ. ಅದರಲ್ಲಿ ಬರೀ ಕಂಬ. ಆಗ ನಗು ನಿಂತಿತು.

ಮರುದಿನ ಆಕೃತಿ ಕಂಬದ ಹತ್ತಿರ ಇರಲಿಲ್ಲ. ನಮ್ಮ ಗೇಟಿನ ಹೊರಗಿತ್ತು. ಗೇಟಿನ ಸರಳುಗಳು ಒಂದಾಗುವವರೆಗೆ ಬಳೆ ತಿರುಗಿಸಿ ಅಂಕೆ ನೋಡಿದೆ, ಹತ್ತು ಮೀಟರ್. ಮಾರನೆಯ ದಿನ ಗೇಟಿನ ಒಳಗೆ, ಮೆಟ್ಟಿಲ ಕೆಳಗೆ. ಏಳು. ಅಲ್ಲಿಗೆ ನನಗೆ ಗೊತ್ತಾಗಿಹೋಯಿತು, ಗುಬ್ಬಿ. ಒಂದು ಭುಜ ಇಳಿಬಿಟ್ಟು ನಿಲ್ಲುವ ರೀತಿ. ಕ್ಯಾಮೆರಾ ಚೀಲ ಹೊತ್ತು ಹೊತ್ತು ಹಾಗಾಗಿದ್ದ ಭುಜ. ಕೂತುಬಿಟ್ಟೆ. ಅಲ್ಲೇ ನೆಲದ ಮೇಲೆ, ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು, "ಅಮ್ಮಾ" ಅಂತ ಒಂದು ಸಲ ಗಟ್ಟಿಯಾಗಿ ಕರೆದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಇದೆಲ್ಲ ನಿನಗೆ ನನ್ನ ತಲೆ ಕೆಟ್ಟ ಲಕ್ಷಣ ಅನ್ನಿಸುತ್ತಿರಬಹುದು. ನನಗೂ ಅನ್ನಿಸಿತು. ನೋಡದಿದ್ದರಾಯಿತು ಅಂತ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎರಡು ದಿನ ಬೇರೆ ಕ್ಯಾಮೆರಾದ ಅಂಟಿಕೊಂಡಿದ್ದ ಶಟರ್ ತೊಳೆಯುತ್ತಾ ಕೂತೆ. ಒಬ್ಬ ಗಿರಾಕಿ ಬಂದು ಅರ್ಧ ಗಂಟೆ ತಲೆ ತಿಂದು ಏನೂ ಕೊಳ್ಳದೆ ಹೋದ. ಅವನು ಇನ್ನೂ ಅರ್ಧ ಗಂಟೆ ಕೂರಲಿ ಅಂತ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

ಮೂರನೇ ದಿನ ಪಕ್ಕದ ಮನೆಯ ಗಡಿಯಾರದವರು ಬಂದರು. ನೀನು ಅವರನ್ನು ನೋಡಿಲ್ಲ, ಬಂದು ಮೂರು ತಿಂಗಳಾಯಿತು. ಗಡಿಯಾರ ರಿಪೇರಿ ಮಾಡುತ್ತಾರೆ, ಸಂಭಾವಿತರು, ಅಮ್ಮನನ್ನು ಕಂಡವರಲ್ಲ. ಸಣ್ಣ ಸ್ಕ್ರೂಡ್ರೈವರ್ ಬೇಕಿತ್ತಂತೆ. ನನಗೆ ಏನನ್ನಿಸಿತೋ, ಬೀಗ ತೆಗೆದು ಅಮ್ಮನ ಕ್ಯಾಮೆರಾ ಅವರ ಕೈಗೆ ಕೊಟ್ಟೆ. "ಒಂಚೂರು ಬಾಗಿಲ ಕಡೆ ನೋಡಿ ಹೇಳಿ, ಹಳದಿ ಚೌಕ ಮಸುಕಾಗಿದೆಯಾ?" ಅಂದೆ. ನಮ್ಮ ನಡುಕೋಣೆಯ ಬಾಗಿಲು, ತೆರೆದೇ ಇತ್ತು. ಅವರು ಕಣ್ಣಿಗೆ ಹಿಡಿದರು.

"ಚೆನ್ನಾಗೇ ಇದೆಯಲ್ಲ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ನೋಡಿ. ಪಾಪ, ಒಳಗೆ ಕರೀಬಾರ್ದಾ?"

ನಾನು ಬಾಗಿಲ ಕಡೆ ತಿರುಗಲಿಲ್ಲ. "ಹೇಗಿದ್ದಾರೆ?" ಅಂದೆ.

"ವಯಸ್ಸಾದವರು. ಬೂದು ಸ್ವೆಟರು. ಗುಂಡಿ ಒಂದು ಮನೆ ತಪ್ಪಿ ಹಾಕ್ಕೊಂಡಿದ್ದಾರೆ. ಯಾರನ್ನೋ ಹುಡುಕ್ತಾ ಇರೋ ಹಾಗಿದೆ, ನಿಮ್ಮ ಹಿಂದೆ ಇಣುಕಿ ನೋಡ್ತಿದ್ದಾರೆ." ಆಮೇಲೆ ಕ್ಯಾಮೆರಾ ಇಳಿಸಿ, ಖಾಲಿ ಬಾಗಿಲು ನೋಡಿ, "ಓ, ಹೋಗ್ಬಿಟ್ರು ಅನ್ಸತ್ತೆ. ನಮ್ಮ ಮಾತು ಕೇಳಿ ಸಂಕೋಚ ಆಯ್ತೇನೋ" ಅಂದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದರು. ಬಳೆಯನ್ನು ಅವರೇ ತಿರುಗಿಸಿದ್ದರು. ಮೂರು ಮೀಟರಿಗೆ ನಿಂತಿತ್ತು.

ಆ ಸ್ವೆಟರಿನ ಗುಂಡಿ ಹಾಕಿದ್ದು ನಾನು. ಕೊನೆಯ ದಿನ ಬೆಳಿಗ್ಗೆ, ಅವಸರದಲ್ಲಿ. ಸರಿಮಾಡಬೇಕು ಅಂದುಕೊಂಡೆ, ಮಾಡಲಿಲ್ಲ. ಆ ವಿಷಯ ನನಗಲ್ಲದೆ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ಬೀಗ ಹಾಕಿದ ಕಪಾಟಿನಲ್ಲಿ, ಬಟ್ಟೆ ಸುತ್ತಿ, ಯಾರೂ ನೋಡದೆ ಇಟ್ಟಿದ್ದಾಗಲೂ ಅಮ್ಮ ನಾಲ್ಕು ಮೀಟರ್ ನಡೆದು ಬಂದಿದ್ದಳು, ಗುಬ್ಬಿ. ನನ್ನನ್ನು ನಡುಗಿಸಿದ್ದು ಅದು. ಗಾಜಿನೊಳಗಿನ ಚಿತ್ರವಾಗಿದ್ದರೆ ನಾನು ನೋಡಿದಾಗ ಮಾತ್ರ ಇರಬೇಕಿತ್ತು.

ಅಕ್ಷರ ಕೋಳಿಕಾಲಾಗುತ್ತಿದೆ. ಉಳಿದದ್ದು ನಾಳೆ.

ಮಾರ್ಚ್ 15, ಬೆಳಿಗ್ಗೆ

ಚೆನ್ನಾಗಿ ನಿದ್ದೆ ಮಾಡಿದೆ, ಗಂಜಿ ಕುಡಿದೆ, ಈಗ ಬರೆಯುತ್ತೇನೆ. ನಿನ್ನೆ ಬರೆದದ್ದನ್ನು ಓದಿ ನೋಡಿದೆ. "ಪುಸ್ತಕ ಎಸೆಯಬೇಡ" ಅಂತ ಬರೆದಿದ್ದೇನೆ, ಪತ್ರಕ್ಕೆ! ಹೊಡೆದುಹಾಕಲು ಹೋಗುವುದಿಲ್ಲ, ನಕ್ಕುಬಿಡು.

ಗಡಿಯಾರದವರು ಬಂದುಹೋದ ಮರುದಿನ, ಹೊತ್ತು ಏರಿದ ಮೇಲೆ, ಮೇಜಿನ ಮುಂದೆ ಕೂತು ಕ್ಯಾಮೆರಾ ಎತ್ತಿದೆ. ಹಿಡಿದದ್ದು ಎದುರು ಗೋಡೆಗೆ. ಚೌಕದ ತುಂಬ ಅಮ್ಮನ ಮುಖವೇ. ನನ್ನ ಮೇಜಿನ ಆಚೆ ಬದಿಯಲ್ಲಿ ನಿಂತಿದ್ದಳು. ಮೇಜಿನ ಅಂಚು ಒಂದಾಗುವಂತೆ ತಿರುಗಿಸಿದೆ, ಒಂದು ಮೀಟರ್. ಈ ಕ್ಯಾಮೆರಾ ತೊಂಬತ್ತು ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಅಳೆಯಲಾರದು, ಬಳೆ ಅಲ್ಲಿಗೆ ತಡೆಯುತ್ತದೆ. ಇನ್ನೊಂದು ಗೇಣು ಬಂದರೆ ಅವಳು ಎಲ್ಲಿದ್ದಾಳೆ ಅಂತ ಹೇಳಲು ಅದಕ್ಕೂ ಆಗುವುದಿಲ್ಲ.

ಅಮ್ಮನ ಮುಖ ಹೆದರಿಸುವಂತಿರಲಿಲ್ಲ. ಅದನ್ನು ನಿನಗೆ ಹೇಳಲೇಬೇಕು. ಕಾಯಿಲೆಯಲ್ಲಿ ಇಳಿದುಹೋಗಿದ್ದ ಕೆನ್ನೆ, ಆದರೆ ಕಣ್ಣು ಚುರುಕು. ಮೊದಲು ನನ್ನ ಭುಜದ ಹಿಂದೆ ನೋಡಿದಳು, ಆ ಕಡೆ, ಈ ಕಡೆ. ಆಮೇಲೆ ನೇರವಾಗಿ ನನ್ನನ್ನು ನೋಡಿದಳು. ತುಟಿ ಅಲುಗಿತು. ಏನೋ ಕೇಳಿದಳು. ಏನು ಅಂತ ನನಗೆ ತಿಳಿಯಲಿಲ್ಲ. ಮತ್ತೆ ಅದನ್ನೇ ಕೇಳಿದಳು. ಕಿಟಕಿಯ ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದರು, ಹಾಡಹಗಲು, ಬಿಸಿಲು ಮೇಜಿನ ಮೇಲೆ ಬಿದ್ದಿತ್ತು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಆ ಎರಡು ಬಿಂಬ ಸೇರುವ ಕಡೆ, ಮುಚ್ಚಳದ ಕೆಳಗೆ, ಉಗುರಿನಷ್ಟು ದೊಡ್ಡ ಗಾಜೊಂದಿದೆ. ಅದರ ಮೇಲೆ ತೆಳ್ಳಗಿನ ಬೆಳ್ಳಿಯ ಲೇಪ. ಅರ್ಧ ಬೆಳಕನ್ನು ಬಿಟ್ಟುಕೊಂಡು ಅರ್ಧವನ್ನು ತಿರುಗಿಸುತ್ತದೆ. ಹಳೇ ಕ್ಯಾಮೆರಾಗಳಲ್ಲಿ ಆ ಲೇಪ ಬೆರಳು ತಾಕಿದರೂ ನೊಂದುಕೊಳ್ಳುವಂಥದ್ದು. ಹತ್ತಿ ತಾಗಿಸಿದರೆ ಮುಗಿಯಿತು, ಬೆಳ್ಳಿ ಹತ್ತಿಗೆ ಬರುತ್ತದೆ, ಬರಿ ಗಾಜು ಉಳಿಯುತ್ತದೆ, ಎರಡನೇ ಬಿಂಬ ಮತ್ತೆ ಕಾಣುವುದಿಲ್ಲ. ಹೊಸದಾಗಿ ರಿಪೇರಿ ಕಲಿಯುವವರು ಮಾಡುವ ತಪ್ಪು ಇದೊಂದೇ. ಕ್ಲೀನ್ ಮಾಡಿಬಿಡೋಣ ಅಂತ ಹೋಗಿ ಕುರುಡು ಮಾಡುತ್ತಾರೆ. ನನ್ನ ಹತ್ತಿರ ಸಲಹೆ ಕೇಳಲು ಬಂದವರಿಗೆಲ್ಲ "ಕೈ ಕಟ್ಕೊಂಡು ಕೂತ್ಕೋ, ಆ ಗಾಜು ಮುಟ್ಟಬೇಡ" ಅಂತ ಬೈದು ಕಳಿಸುತ್ತಿದ್ದೆ.

ಆ ತಪ್ಪನ್ನು ನಾನು ಮಾಡಿದೆ. ಮುಚ್ಚಳ ಬಿಚ್ಚಿ, ಗಾಜಿನ ಮೇಲೇನೋ ಕಲೆ ಇದೆ ಅನ್ನಿಸಿ, ಕಡ್ಡಿಗೆ ಸುತ್ತಿದ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಒರೆಸಿದೆ. ಕೈತಪ್ಪಿತು ಅಂತಿಟ್ಟುಕೋ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು. ಮುಚ್ಚಳ ಹಾಕಿ ನೋಡಿದರೆ ಚೌಕವೂ ಇಲ್ಲ, ಅಮ್ಮನೂ ಇಲ್ಲ. ಎದುರಿಗೆ ಗೋಡೆ, ಸ್ವಚ್ಛವಾಗಿ, ಒಂದೇ ಒಂದು.

ಕ್ಯಾಮೆರಾವನ್ನು ಈ ಪತ್ರದ ಜೊತೆ ಪಾರ್ಸೆಲ್ ಮಾಡುತ್ತಿದ್ದೇನೆ. ಲೆನ್ಸ್ ಚೊಕ್ಕಟವಾಗಿದೆ, ಶಟರ್ ಕರಾರುವಾಕ್ಕು. ದೂರವನ್ನು ಮಾತ್ರ ಕಣ್ಣಂದಾಜಲ್ಲಿ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ತೆಗೆದರೆ ಫೋಟೋ ಚೆನ್ನಾಗೇ ಬರುತ್ತದೆ. ಮಗಳಿಗೆ ಕಲಿಸು, ನಿನ್ನ ಹಾಗೆ ಓಡಿಹೋಗಲು ಬಿಡಬೇಡ.

ಇನ್ನು ಅಮ್ಮನ ಕೊನೆಯ ದಿನಗಳು. ಹೇಳಿದ್ದೇನಲ್ಲ, ಹೆಚ್ಚು ನರಳಲಿಲ್ಲ, ನಿದ್ದೆಯಲ್ಲೇ ಹೋದಳು. ನಿನಗೆ ಹೇಳಿಕಳಿಸುವಷ್ಟು ಹೊತ್ತೂ ಕೊಡಲಿಲ್ಲ.

ನಿನ್ನ ಕಾಲುನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ತರಗತಿಯಲ್ಲಿ ದಿನವಿಡೀ ನಿಂತೇ ಪಾಠ ಮಾಡಬೇಡ. ಮಗಳ ಹಲ್ಲು ಸಾಲಾಗಿ ಬರಲಿ, ಅವಳ ಅಪ್ಪನ ವ್ಯಾಪಾರ ಕೈಹಿಡಿಯಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ. ನನ್ನ ಆಯಸ್ಸಿನಲ್ಲಿ ಒಂದಿಷ್ಟು ನಿನಗೆ ಸೇರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಕಿತ್ತಿದ್ದೇನೆ.

ಅಮ್ಮ ಕೇಳಿದ್ದು ಏನು ಅಂತ ನನಗೆ ತಿಳಿಯಿತು. ತುಟಿ ಎರಡು ಸಲ ಮುಚ್ಚಿ ತೆರೆದರೆ ಸಾಕಿತ್ತು, ನಾನು ಆ ಮಾತನ್ನು ಹನ್ನೊಂದು ದಿನ ಕೇಳಿದ್ದೆ. "ಗುಬ್ಬಿ ಬಂದ್ಲಾ?"

ಅಮ್ಮ ನಿದ್ದೆಯಲ್ಲಿ ಹೋಗಲಿಲ್ಲ. ಹನ್ನೊಂದು ದಿನ ಮಲಗಿದ್ದಳು, ಪೂರ್ತಿ ಎಚ್ಚರದಲ್ಲಿ. ಬೆಳಿಗ್ಗೆ ಎದ್ದರೆ ನಿನ್ನ ಹೆಸರು, ಮಲಗುವಾಗ ನಿನ್ನ ಹೆಸರು. ಎಷ್ಟೋ ವರ್ಷದಿಂದ ಅವಳಿಗೆ ಉಣಿಸಿದವಳು ನಾನು, ಮೀಯಿಸಿದವಳು ನಾನು. ಒಂದು ಸಲವಾದರೂ "ದೊಡ್ಡವಳೇ, ನೀನು ಕೂತ್ಕೋ" ಅನ್ನಬಾರದಿತ್ತೇ? ನನಗೆ ಹೊಟ್ಟೆ ಉರಿಯಿತು. ಅರ್ಧ ದಿನದ ರೈಲು ಪ್ರಯಾಣ, ಹೇಳಿದ್ದರೆ ನೀನು ಉಟ್ಟ ಬಟ್ಟೆಯಲ್ಲಿ ಬರುತ್ತಿದ್ದೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. "ಫೋನ್ ಮಾಡಿದ್ದೆ ಅಮ್ಮ, ಪರೀಕ್ಷೆ ಇದೆಯಂತೆ, ರಜ ಸಿಗಲ್ಲವಂತೆ" ಅಂದೆ. ಅವಳು ನಂಬಲಿಲ್ಲವೇನೋ ಅಂತ, ಒಂದು ದಿನ ಅವಳಿಗೆ ಕೇಳಿಸುವ ಹಾಗೆ ಫೋನೆತ್ತಿ, ಯಾವ ನಂಬರನ್ನೂ ಒತ್ತದೆ ನಿನ್ನ ಜೊತೆ ಮಾತಾಡಿದೆ. "ಬರೋಕಾಗಲ್ವಾ? ಹೋಗ್ಲಿ ಬಿಡು" ಅಂದೆ. ರಿಸೀವರ್ ಇಟ್ಟು ತಿರುಗಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು. "ಪಾಪ, ಅವಳಿಗೂ ಕೆಲಸ ಇರತ್ತೆ. ಬೈಬೇಡ ಅವಳಿಗೆ" ಅಂದಳು. ನೀನು ಬರಲೊಲ್ಲೆ ಅಂದುಕೊಂಡೇ ಹೋದಳು.

ಕೈತಪ್ಪಿ ಒರೆಸಿದ್ದಲ್ಲ ಗುಬ್ಬಿ. ಗಾಜಿನ ಮೇಲೆ ಯಾವ ಕಲೆಯೂ ಇರಲಿಲ್ಲ. ಏನಾಗುತ್ತದೆ ಅಂತ ಸರಿಯಾಗಿ ಗೊತ್ತಿದ್ದೇ ಒರೆಸಿದೆ. ಮೂರನೇ ಸಲ ಅವಳು ಕೇಳುವುದನ್ನು ನೋಡಲಾರದೆ ಒರೆಸಿದೆ. ನೀನು ಒಂದೇ ಒಂದು ಸಲ ಆ ಕಿಂಡಿಯಲ್ಲಿ ಕಣ್ಣಿಟ್ಟಿದ್ದರೆ ಅಮ್ಮನಿಗೆ ಉತ್ತರ ಸಿಗುತ್ತಿತ್ತು. ನಾನು ಅದನ್ನೂ ಕಿತ್ತುಕೊಂಡೆ.

ಅಷ್ಟಕ್ಕೆ ಅವಳು ಹೋಗಿಬಿಟ್ಟಳು ಅಂದುಕೊಂಡಿದ್ದೆ. ಇಲ್ಲ. ಕಪಾಟಿನಲ್ಲಿ ಬೀಗ ಹಾಕಿಟ್ಟಾಗಲೂ ನಡೆದು ಬಂದವಳು ಅವಳು. ಒಂದು ಮೀಟರಿಗೆ ಬಂದು ಇವತ್ತಿಗೆ ಆರು ದಿನ. ಈಗ ಎಷ್ಟು ಹತ್ತಿರ ಇದ್ದಾಳೆ ಅಂತ ಅಳೆಯಲು ನನ್ನ ಹತ್ತಿರ ಏನೂ ಇಲ್ಲ.

ಮೆಟ್ಟಿಲು ಹತ್ತಲ್ಲ ಅಂದರೆ ಹತ್ತಬೇಡ, ನನ್ನ ಮುಖ ನೋಡಬೇಡ. ಗೇಟಿನ ಹತ್ತಿರ ನಿಂತು ಒಂದು ಸಲ ಗಟ್ಟಿಯಾಗಿ "ಅಮ್ಮಾ, ಬಂದೆ" ಅಂದು ಹೋಗು.